ಗುಣಿಸಿದ್ದನ್ನು ಬಿಡಿಸುವುದು

ಗಂಟಲಿನ ಆಪರೇಷನ್ ಆದ ಮೇಲೆ ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಅಣ್ಣ ಅತ್ತಿಗೆಗಾಗಿ ತನ್ನ ದನಿಯನ್ನು ಕಂಪ್ಯೂಟರಿಗೆ ತುಂಬಿಸತೊಡಗಿದ. "ನಿನ್ನ ಜೊತೆ ಜಗಳ ಆಡೋಕೆ ಬೇಕಾದಷ್ಟು ಇದೆ, ಆಮೇಲೆ ಕೇಳುವೆಯಂತೆ" ಎಂದು ಅವರನ್ನು ರೇಗಿಸುತ್ತಿದ್ದ. ಅವರು ಮೊದಲೇ ಕದ್ದು ಕೇಳಬಾರದೆಂದು ಆ ದನಿಗೆ ನನ್ನಿಂದ ಬೀಗ ಹಾಕಿಸಿಕೊಂಡ. ಇಂಥ ಬೀಗಗಳ ಗಣಿತವನ್ನು ಕಾಲೇಜಿನಲ್ಲಿ ಕಲಿಸುವವಳು ನಾನು. ಕೀಲಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟು, ನಮ್ಮ ಕಸುಬಿನ ಕಟ್ಟಳೆಯಂತೆ ನನ್ನ ಪ್ರತಿಯನ್ನು ಅಳಿಸಿಬಿಟ್ಟೆ.

ಆಪರೇಷನ್ ಟೇಬಲ್ಲಿನ ಮೇಲೆ ಮಾತಿನ ಜೊತೆ ಅಣ್ಣನೂ ಹೋದ. ಅತ್ತಿಗೆ ಅವನ ಅಂಗಿಗಳನ್ನೆಲ್ಲ ಬಿಸಿನೀರಿನಲ್ಲಿ ವಾಷಿಂಗ್ ಮೆಷಿನ್ನಿಗೆ ಹಾಕಿದರು. ಪೆನ್‌ಡ್ರೈವ್ ಜೇಬಿನಲ್ಲೇ ಇತ್ತು. ರಿಪೇರಿಯವನು ಕೈಚೆಲ್ಲಿದ.

"ಬೀಗ ಮಾಡಿದವಳು ನೀನು. ನೀನೇ ತೆಗಿ" ಎಂದು ಅತ್ತಿಗೆ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟರು.

ಗಣಿತ ಓದಿದವರನ್ನು ಮಂತ್ರವಾದಿಗಳೆಂದು ತಿಳಿಯುವವರನ್ನು ಕಂಡರೆ ನನಗೆ ಮೈಯುರಿ. ಬೇರೆಯವರಾಗಿದ್ದರೆ ಎಗರಿಬೀಳುತ್ತಿದ್ದೆ.

"ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸಿದೀನಿ ಅತ್ತಿಗೆ, ಆ ಎರಡೇ ಕೀಲಿ. ಗುಣಿಸೋದು ಚಿಟಿಕೆ ಹೊಡೆದಷ್ಟು ಸುಲಭ. ಬಂದ ಉತ್ತರದಿಂದ ಆ ಎರಡನ್ನ ಹುಡುಕೋಕೆ ಇರೋ ಕಂಪ್ಯೂಟರೆಲ್ಲ ಸೇರಿದ್ರೂ ನಮ್ಮ ಆಯಸ್ಸು ಸಾಲಲ್ಲ."

"ಆಗೋದೇ ಇಲ್ಲ ಅಂತ ಯಾರಾದ್ರೂ ಸಾಧಿಸಿ ತೋರಿಸಿದಾರಾ?"

ಅತ್ತಿಗೆ ವಕೀಲರು, ಸಾಕ್ಷಿ ಕೇಳದೆ ಬಿಡುವವರಲ್ಲ. ಹೌದು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅತ್ತು ಹಗುರಾಗುತ್ತಿದ್ದರು. ಹಾಳಾದ ನನ್ನ ನಾಲಿಗೆಗೆ ಗಣಿತದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಇಲ್ಲ. ಸುಲಭದ ದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ, ಅಷ್ಟೇ. ಆ ನಂಬಿಕೆ ಮೇಲೇ ಬೀಗ ನಿಂತಿರೋದು."

"ಅಂದ್ರೆ ದಾರಿ ಇರಬಹುದು."

"ಇರಬಹುದು. ಆದ್ರೆ ಅದು ನನ್ನ ಕೈಲಿ ಆಗೋ ಕೆಲಸ ಅಲ್ಲ."

ಮೊದಲನೆಯ ಮಾತು ಮಾತ್ರ ಅವರ ಕಿವಿಗೆ ಬಿತ್ತು. ಅಣ್ಣ ಹೋದ ಮೇಲೆ ಅವರ ಮುಖ ಅರಳಿದ್ದನ್ನು ಅಂದೇ ಕಂಡದ್ದು.

ಈಗ ಭಾನುವಾರ ಬಂದರೆ ಅತ್ತಿಗೆ ಅಣ್ಣನ ಮೇಜು ಒರೆಸಿ, ಪೆನ್ಸಿಲ್ ಹೆರೆದು ಕಾಯುತ್ತಿರುತ್ತಾರೆ. ನಾನು ಹೋಗಿ ಕೂರುತ್ತೇನೆ. ಈ ಲೆಕ್ಕ ಯಾರಿಗೂ ಬಿಡಿಸಲು ಬಾರದಿರಲಿ ಎಂದೇ ಇಷ್ಟು ವರ್ಷ ಹಾರೈಸಿದವಳು, ಈಗ ಯಾವ ಮೂಲೆಯ ಯಾವ ಪುಣ್ಯಾತ್ಮನಾದರೂ ಬಿಡಿಸಲಿ ಎಂದು ಬೇಡಿಕೊಳ್ಳುತ್ತೇನೆ. ಹಾಳೆಯ ತುಂಬ ಗೀಚುತ್ತೇನೆ, ಹೊಡೆದು ಹಾಕುತ್ತೇನೆ. ಆಗುವುದಿಲ್ಲ ಎಂದು ಎದ್ದು ಹೇಳುವ ಧೈರ್ಯ ನನಗಿಲ್ಲ.

ಬಾಗಿಲಾಚೆ ಅತ್ತಿಗೆ ಫೋನಿನಲ್ಲಿ ಯಾರಿಗೋ ಪಿಸುದನಿಯಲ್ಲಿ ಹೇಳುತ್ತಾರೆ. "ಆಮೇಲೆ ಮಾತಾಡ್ತೀನಿ. ನಾದಿನಿ ಒಳಗೆ ನಮ್ಮವರ ದನಿ ಬಿಡಿಸ್ತಿದಾಳೆ."