‘ಜಾಗ ಆಗುತ್ತೆ’ ಎನ್ನುತ್ತಿದ್ದ ಬುರುಲ್ ಎಜೆ

ಊರೆಲ್ಲ ‘ಎಜೆ’, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಬುರುಲ್ ಎಜೆ ಖಾಲಿ ಕೋಣೆಯಲ್ಲೂ ನೆಲದ ಮೇಲೆ ಮಲಗಿದವರ ನಡುವೆ ದಾರಿ ಮಾಡಿಕೊಂಡು ಹೋಗುವವರಂತೆ ನಡೆಯುತ್ತಿದ್ದರು. ಹೆಜ್ಜೆಯನ್ನು ಬೇಕಾದದ್ದಕ್ಕಿಂತ ತುಸು ಎತ್ತರಕ್ಕೆ ಎತ್ತಿ, ಊರುವ ಮುನ್ನ ಒಂದು ಕ್ಷಣ ತಡೆದು, ಆಮೇಲೆ ಮೆಲ್ಲಗೆ ಇಡುವುದು. ನಾರಿನ್ ಪಟ್ಟಣದ ಅಂಚೆ ಕಚೇರಿಯ ಪಕ್ಕದಲ್ಲಿದ್ದ ಅವರ ಫೋಟೊ ಅಂಗಡಿಗೆ ಮೊದಲ ಸಲ ಬಂದವರು ಮಂಡಿನೋವಿರಬೇಕೆಂದು ಮರುಕಪಡುತ್ತಿದ್ದರು. ನೋವೇನೂ ಇರಲಿಲ್ಲ. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಯಾವಾಗಲೂ ಯಾರೋ ಬಂದು ಮಲಗಿರುತ್ತಿದ್ದರು: ಮೇಲಿನ ಹುಲ್ಲುಗಾವಲಿನಿಂದ ಆಸ್ಪತ್ರೆಗೆ ಬಂದ ನೆಂಟರು, ಪರೀಕ್ಷೆಗೆ ಬಂದ ನೆಂಟರ ಮಕ್ಕಳು, ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿಹೋಗಿ ಉಳಿದುಕೊಂಡ ಲಾರಿಯವರು. ನಸುಕಿಗೇ ಎದ್ದು ಒಲೆ ಹೊತ್ತಿಸಬೇಕಾದ ಹೆಣ್ಣು ಅವರ ಕೈಕಾಲುಗಳ ನಡುವೆ ದಾರಿ ಹುಡುಕುತ್ತ ಹುಡುಕುತ್ತ ಆ ನಡಿಗೆಯನ್ನೇ ತನ್ನದಾಗಿಸಿಕೊಂಡಿದ್ದಳು.

ಅವರು ತೊಡುತ್ತಿದ್ದ ಕೋಟು ತೀರಿಹೋದ ಗಂಡನದು. ಉದ್ದವಾದ ತೋಳುಗಳನ್ನು ಕತ್ತರಿಸಲು ಮನಸ್ಸು ಬಾರದೆ ಹಿಂದಕ್ಕೆ ಮಡಿಚಿದ್ದರಿಂದ ಒಳಗಿನ ಕೆಂಪು ಪಟ್ಟೆಯ ಅಸ್ತರು ಸದಾ ಹೊರಗೆ ಕಾಣುತ್ತಿತ್ತು. ಹಸುಗೂಸುಗಳ ಫೋಟೊ ತೆಗೆಯುವಾಗ ಕ್ಯಾಮೆರಾವನ್ನು ಅಂಗಡಿಯಲ್ಲಿ ಜೊತೆಗಿರುತ್ತಿದ್ದ ಅನಾರ್‌ಕುಲ್ ಕೈಗೆ ಕೊಟ್ಟು, ತಾವು ಬಿಳಿ ಬಟ್ಟೆ ಹೊದ್ದು ಮಗುವಿನ ಹಿಂದೆ ಅಡಗಿ ಕೂತು ಕತ್ತಿಗೆ ಆಸರೆ ಕೊಡುತ್ತಿದ್ದರು. ಎಷ್ಟು ಅಡಗಿದರೂ ಆ ಪಟ್ಟೆ ಮಾತ್ರ ಬಟ್ಟೆಯ ಅಂಚಿನಿಂದ ಇಣುಕುತ್ತಿತ್ತು.

ಅನಾರ್‌ಕುಲ್ ಊರಿನ ಕಾಲೇಜಿನಲ್ಲಿ ಪಾಠ ಹೇಳಿ, ಮಧ್ಯಾಹ್ನ ಬಂದು ಅಂಗಡಿಯ ಇನ್ನೊಂದು ಮೇಜಿನಲ್ಲಿ ಟೈಪು ಮಾಡಿಕೊಡುತ್ತಿದ್ದಳು. ಆ ಕಾಲವನ್ನು ನೆನೆದಾಗಲೆಲ್ಲ ಅವಳಿಗೆ ಮೊದಲು ಕೇಳಿಸುವುದು ಎಜೆಯ ಒಂದೇ ಮಾತು: “ಇರಲಿ, ಜಾಗ ಆಗುತ್ತೆ.” ಬೆಂಚಿನ ಮೇಲೆ ಮೂರು ಜನರಿದ್ದಲ್ಲಿಗೆ ನಾಲ್ಕನೆಯವನು ಬಂದರೆ ಆ ಮಾತು. ಯಾರಾದರೂ ತಮ್ಮ ಫೋಟೊಗಳನ್ನೆಲ್ಲ ತಂದು, “ಎಜೆ, ಇವು ನಿಮ್ಮ ಕಂಪ್ಯೂಟರಿನಲ್ಲೇ ಇರಲಿ, ನಮ್ಮಲ್ಲಿ ಎಲ್ಲಿಡೋದು?” ಎಂದರೂ ಅದೇ ಮಾತು. ಹೀಗೆ ಊರಿನ ಅರ್ಧದಷ್ಟು ಮದುವೆಗಳು, ತೊಟ್ಟಿಲ ಹಬ್ಬಗಳು, ಕುದುರೆಗಳು ಆ ಹಳೆಯ ಯಂತ್ರದೊಳಗೆ ಬಂದು ನೆಲೆಸಿದ್ದವು. ಮನೆಯೂ ಹಾಗೆಯೇ. ಗಂಡನ ಕಡೆಯ ಒಂದು ಸಂಸಾರ ಒಮ್ಮೆ ಚಳಿಗಾಲಕ್ಕೆಂದು ಬಂದು ಇಳಿದಿತ್ತು. ತಮ್ಮ ಹಾಸಿಗೆಯನ್ನೂ ಅವರಿಗೆ ಬಿಟ್ಟುಕೊಟ್ಟ ಎಜೆ ಅಂಗಡಿಯ ಒಲೆಯ ಬಳಿ ಕುರ್ಚಿಯಲ್ಲೇ ನಿದ್ದೆ ಮುಗಿಸುತ್ತಿದ್ದರು. “ಬೆನ್ನಿಗೆ ಒಳ್ಳೇದಂತೆ,” ಎಂದು ಯಾರೂ ಹೇಳದ ವೈದ್ಯವನ್ನು ಹೇಳುತ್ತಿದ್ದರು.

ಆ ಚಳಿಗಾಲದಲ್ಲೇ ಬಿಷ್ಕೆಕ್‌ನಲ್ಲಿದ್ದ ಅವರ ತಮ್ಮ ಕಂಪ್ಯೂಟರಿಗೆ ಹಾಕಲು ಎರಡು ಮೆಮೊರಿ ಪಟ್ಟಿಗಳನ್ನು ಉಣ್ಣೆಯ ಕಾಲುಚೀಲದೊಳಗೆ ಸುತ್ತಿ ಬಸ್ಸಿನವನ ಕೈಯಲ್ಲಿ ಕಳಿಸಿದ. ಅವನ್ನು ಹಾಕಿದ ದಿನ ಎಜೆ ಎಣ್ಣೆಯಲ್ಲಿ ಬೋರ್ಸೋಕ್ ಕರಿದು ತಂದು, ಒಂದನ್ನು ಕಂಪ್ಯೂಟರಿನ ತಲೆಯ ಮೇಲೂ ಇಟ್ಟರು. ಒಂದು ಫೋಟೊ ತೆರೆಯುವುದರೊಳಗೆ ಚಹಾ ಕುಡಿದು ಮುಗಿಯುತ್ತಿದ್ದ ಯಂತ್ರ ಈಗ ಎಳೆಯ ಕುದುರೆಯಂತೆ ಓಡತೊಡಗಿತು.

ಯಂತ್ರಕ್ಕೆ ಹೊಸ ಮನೆ ಸಿಕ್ಕಂಥ ಆ ಸಂತೋಷ ಕೆಲವು ದಿನ ನಡೆಯಿತು. ಆಮೇಲೊಂದು ಬೆಳಿಗ್ಗೆ ಬ್ರೆಡ್ಡು ಸುಡುವ ಸಾದಿರ್ ಬಂದ. ಮರುದಿನ ತೀರಿಹೋದ ಅವನ ತಾಯಿಯ ವರ್ಷದೂಟ, ಆಶ್. ಅಲ್ಲಿ ಗೋಡೆಗೆ ತೂಗುಹಾಕಲು ಅವಳದೊಂದು ದೊಡ್ಡ ಚಿತ್ರ ಬೇಕಿತ್ತು. ಮುದುಕಿ ಜೀವಮಾನದಲ್ಲಿ ಒಂದೇ ಸಲ ಕ್ಯಾಮೆರಾದ ಮುಂದೆ ನಿಂತಿದ್ದಳು, ಅದೂ ಸಾಮೂಹಿಕ ಬೇಸಾಯದ ದಿನಗಳಲ್ಲಿ, ಹೆಂಗಸರ ಗುಂಪಿನ ಕೊನೆಯ ಸಾಲಿನಲ್ಲಿ. ಬೆರಳಗಲದ ಆ ಮುಖದ ಮೇಲೆ ಕಾಗದ ಬೇರೆ ಬಿರಿದಿತ್ತು. ಎಜೆ ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ದೊಡ್ಡದಾಗಿ ಒಳಗಿಳಿಸಿಕೊಂಡು, ಹೆಗಲಿಗೊಬ್ಬಳ ಶಾಲು, ಹಣೆಗೊಬ್ಬಳ ಬೆಳಕು ಎಂದು ಬೇರೆ ಫೋಟೊಗಳನ್ನೂ ಒಂದರ ಮೇಲೊಂದು ತೆರೆದುಕೊಂಡು ಕೂತರು.

ಮಧ್ಯಾಹ್ನ ಅನಾರ್‌ಕುಲ್ ಬಂದಾಗ ಪರದೆ ಖಾಲಿಯಾಗಿತ್ತು. ಸಾದಿರ್ ತುಪ್ಪಳದ ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತ ಕೂತಿದ್ದ.

“ಮುಖ ಬಂದಿತ್ತು ಕಣೇ,” ಎಂದರು ಎಜೆ. “ಇನ್ನೊಂದು ಕೆನ್ನೆ ಆಗಿದ್ರೆ ಮುಗೀತಿತ್ತು. ಮೆಮೊರಿ ಸಾಲ್ದು ಅಂತ ಬಾಗ್ಲು ಹಾಕ್ಕೊಂಡ್ಬಿಡ್ತು. ಅಷ್ಟು ಹಾಕಿದೀವಿ, ಇನ್ನೂ ಸಾಲ್ದಂತೆ ಹೊಟ್ಟೆಬಾಕಂಗೆ!”

“ನಡುವೆ ಉಳಿಸಿಟ್ಕೊಳ್ಲಿಲ್ವಾ?”

“ಎಲ್ಲಿ ಉಳಿಸ್ಲಿ? ಡಿಸ್ಕು ತುಂಬಿದೆ.”

ಅನಾರ್‌ಕುಲ್ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆಯುತ್ತ ಹೋದಳು. ಎದುರಿಗಿರುವ ಕೆಲಸ ಮೆಮೊರಿಗೆ ಹೆಚ್ಚಾದಾಗ ಯಂತ್ರ ಅದರಲ್ಲಿ ಸ್ವಲ್ಪವನ್ನು ಡಿಸ್ಕಿನ ಮೇಲಿನ ಒಂದು ಮೀಸಲು ಜಾಗಕ್ಕೆ ಇಳಿಸಿಟ್ಟು, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ವರ್ಚುವಲ್ ಮೆಮೊರಿ ಎಂದು ಹೆಸರಿದ್ದ ಆ ಸಾಲಿನ ಮುಂದೆ ಈಗ ಸೊನ್ನೆ ಇತ್ತು.

“ಇದನ್ನ ತೆಗೆದದ್ದು ಯಾರು?”

“ನಾನೇ. ಅಷ್ಟು ದೊಡ್ಡ ಮನೆ ಕೊಟ್ಟ ಮೇಲೆ ಅದಕ್ಕೆ ಉಗ್ರಾಣ ಬೇರೆ ಯಾಕೆ? ಜನರ ಫೋಟೊಗೆ ಜಾಗ ಇರ್ಲಿಲ್ಲ, ಕೊಟ್ಟೆ.”

“ಎಜೆ, ದೊಡ್ಡ ಮನೆ ಕಟ್ಟಿದ್ವಿ ಅಂತ ಯಾರಾದ್ರೂ ಪೇರಿಸಿಟ್ಟ ಹಾಸಿಗೆ ಎಲ್ಲ ಹಂಚಿಬಿಡ್ತಾರಾ? ನಾಲ್ಕು ಜನ ಒಟ್ಟಿಗೆ ಬಂದ್ರೆ ಎಲ್ಲಿ ಮಲಗಿಸ್ತೀರಿ? ನಿಮ್ಮನ್ನ ನೀವೇ ಕುರ್ಚಿಗೆ ಹಾಕ್ಕೊಂಡಿದ್ದು ಸಾಲ್ದು ಅಂತ ಇದನ್ನೂ ಕುರ್ಚಿ ಮೇಲೆ ಮಲಗ್ಸಿದೀರಿ.”

ಸಾದಿರ್ ಕಿಟಕಿಯ ಕಡೆ ನೋಡಿದ. ಆ ವರ್ಷ ಕತ್ತಲಾಗುತ್ತಲೇ ಕರೆಂಟು ಹೋಗಿಬಿಡುತ್ತಿತ್ತು. “ನಾಳೆ ಕುದುರೆ ಕಡೀತೀವಿ ಎಜೆ,” ಎಂದ. “ಊರೆಲ್ಲ ಬರುತ್ತೆ. ಅಮ್ಮನ ಮುಖಾನೇ ಇಲ್ಲ ಅಂದ್ರೆ ಯಾರ ಎದುರಿಗೆ ಕೂತು ಉಣ್ಣೋದು?”

ಮೀಸಲು ಜಾಗವನ್ನು ಮತ್ತೆ ಮಾಡಬೇಕಾದರೆ ಡಿಸ್ಕಿನಲ್ಲಿದ್ದ ಯಾರ ಫೋಟೊಗಳನ್ನಾದರೂ ಅಳಿಸಿ ಎಬ್ಬಿಸಲೇಬೇಕಿತ್ತು. ಸಿಡಿಗೆ ಬರೆದಿಡೋಣವೆಂದರೆ ಆ ಯಂತ್ರಕ್ಕೆ ಬರೆಯಲು ಬರುತ್ತಿರಲಿಲ್ಲ. ಅನಾರ್‌ಕುಲ್ ಒಂದೊಂದೇ ಫೋಲ್ಡರಿನ ಮೇಲೆ ಬೆರಳಿಟ್ಟಳು.

“ಈ ಮದುವೆ?”

“ಬೇಡ. ಆ ಹುಡುಗಿ ರಷ್ಯಾದಲ್ಲಿ ಗುಡಿಸೋ ಕೆಲಸದಲ್ಲಿದಾಳೆ. ಬಂದಾಗ ಕೇಳ್ತಾಳೆ.”

“ಈ ಕುದುರೆ?”

“ಅದು ಸತ್ತೋಯ್ತು, ಪಾಪ. ಇನ್ನೆಲ್ಲಿಂದ ತೆಗೀಲಿ ಅದರ ಫೋಟೊ?”

“ಈ ಕುಂಬಳಕಾಯಿ? ಇಪ್ಪತ್ತು ಫೋಟೊ ಇದೆ ಎಜೆ, ಒಂದೇ ಕುಂಬಳಕಾಯಿದು!”

“ನಗಬೇಡ. ಅದನ್ನ ಬೆಳೆದೋನಿಗೆ ಮಕ್ಕಳಿಲ್ಲ.”

ಆಮೇಲೆ ಎಜೆ ಮೌಸನ್ನು ತಮ್ಮ ಕೈಗೆ ತೆಗೆದುಕೊಂಡರು. ಪಟ್ಟಿಯ ತಳಕ್ಕೆ ಹೋಗಿ ‘ನನ್ನವು’ ಎಂದಿದ್ದ ಫೋಲ್ಡರನ್ನು ಆರಿಸಿ ಅಳಿಸಿದರು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ತಾವೇ ಕೂತು ಒಳಗಿಳಿಸಿಕೊಂಡಿದ್ದ ತಮ್ಮ ಮದುವೆ, ಸರೋವರದ ದಂಡೆಯ ಒಂದು ಬೇಸಿಗೆ, ಗಂಡನ ಜೊತೆಗಿದ್ದ ವರ್ಷಗಳು ಅದರಲ್ಲಿದ್ದವು. ಮೂಲದ ಕಾಗದಗಳೆಲ್ಲ ಹಿಂದೊಮ್ಮೆ ಛಾವಣಿ ಸೋರಿ ಹಾಳಾಗಿದ್ದವೆಂಬುದು ಅನಾರ್‌ಕುಲ್‌ಗೆ ಗೊತ್ತಿತ್ತು. ಅವಳು ಕೈ ಹಿಡಿಯುವುದರೊಳಗೆ ಮುಗಿದಿತ್ತು.

“ಎಜೆ, ಅವು ನಿಮ್ಮವು!”

“ಮನೆಯವರು ತಾನೇ ಎದ್ದು ಜಾಗ ಕೊಡೋದು? ನೆಂಟರನ್ನ ಎಬ್ಬಿಸ್ತಾರಾ? ಅಳಬೇಡ. ಅದಕ್ಕೆ ಹಾಸಿಗೆ ಹಾಸು, ಹೊತ್ತಾಯ್ತು.”

ಅನಾರ್‌ಕುಲ್ ಹೊಸ ಮೆಮೊರಿಗೆ ತಕ್ಕಂತೆ ಕೆಳಗಿನ ಮಿತಿಯೊಂದು, ಮೇಲಿನ ಮಿತಿಯೊಂದು ಬರೆದಳು. “ಇದು ದಿನದ ಹಾಸಿಗೆ, ಇದು ಮದುವೆ ದಿನದ ಹಾಸಿಗೆ ಅನ್ನು,” ಎಂದು ಎಜೆ ಪಕ್ಕದಲ್ಲಿ ನಿಂತು ತಲೆಯಾಡಿಸಿದರು. ಯಂತ್ರ ಮುಚ್ಚಿ ತೆರೆದುಕೊಂಡಿತು. ಬಿರಿದ ಮುಖ ಮತ್ತೆ ಪರದೆಗೆ ಬಂತು. ಈ ಸಲ ಸಾದಿರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅಮ್ಮ ನೆರಳಲ್ಲೂ ಬಿಸಿಲಿಗೆ ನೋಡೋ ಹಂಗೆ ಕಣ್ಣು ಕಿರಿದು ಮಾಡ್ತಿದ್ಲು,” ಎನ್ನುತ್ತ ಜೊತೆಗೇ ಇದ್ದ. ಶಾಲು, ಬೆಳಕು, ಕೆನ್ನೆ ಎಲ್ಲ ಒಟ್ಟಿಗೆ ತೆರೆದಿದ್ದರೂ ಯಂತ್ರ ಮುನಿಯಲಿಲ್ಲ. ಒಂದೊಂದು ಸಲ ನಿಧಾನಿಸಿ, ಒಳಗೆಲ್ಲೋ ಹಾಸಿಗೆ ಬಿಡಿಸುವಂತೆ ಸದ್ದು ಮಾಡಿ, ಮುಂದುವರಿಯುತ್ತಿತ್ತು. ಕಾಗದ ಹೊರಬಂದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಸಾದಿರ್ ಅದನ್ನು ಒಲೆಯ ಬೆಳಕಿಗೆ ಹಿಡಿದು ನೋಡಿದ. ಹೊರಡಲೆಂದು ಹಾಕಿಕೊಂಡಿದ್ದ ಟೋಪಿಯನ್ನು ಮತ್ತೆ ತೆಗೆದ.

ವರ್ಷಗಳು ಉರುಳಿ ಬುರುಲ್ ಎಜೆಯ ಆಶ್‌ನ ದಿನವೂ ಬಂತು. ಗೋಡೆಗೆ ತೂಗುಹಾಕಲು ಅವರದೊಂದು ಚಿತ್ರ ಯಾರ ಬಳಿಯೂ ಇರಲಿಲ್ಲ. ಊರಿನವರು ತಮ್ಮ ತಮ್ಮ ಆಲ್ಬಮ್ಮುಗಳನ್ನು ಹೊತ್ತು ತಂದರು. ತಿರುವಿದಲ್ಲೆಲ್ಲ ಕಂಡದ್ದು ನಗುವ, ಅಳುವ, ಆಕಳಿಸುವ ಕೂಸುಗಳು, ಅವುಗಳ ಹಿಂದೆ ಬಿಳಿ ಬಟ್ಟೆ, ಅಂಚಿನಲ್ಲಿ ಕೆಂಪು ಪಟ್ಟೆಯ ಒಂದು ತೋಳು. ಕೊನೆಗೆ ಅನಾರ್‌ಕುಲ್ ಅವುಗಳಲ್ಲೊಂದನ್ನು ದೊಡ್ಡದು ಮಾಡಿ ತೂಗುಹಾಕಿದಳು. ಒಳಗೆ ಬಂದ ಮುದುಕಿಯೊಬ್ಬಳು ಚಿತ್ರದ ಎದುರು ನಿಂತು, “ಓ, ಬುರುಲ್!” ಎಂದು ಕಣ್ಣೊರೆಸಿಕೊಂಡಳು.

ಇಂಥವರಿಗೆ ಮನೆ ದೊಡ್ಡದಾದರೆ ತಮಗೆ ದಕ್ಕಿದ್ದೆಷ್ಟು ಎಂಬುದು ತೋಚುವುದೇ ಇಲ್ಲ, ಇನ್ನು ಯಾರನ್ನು ಕರೆಯಬಹುದು ಎಂಬುದಷ್ಟೇ ತೋಚುತ್ತದೆ. ಮುಂದೊಂದು ದಿನ ಅವರನ್ನು ಹುಡುಕಿ ಹೋದರೆ ಅವರು ನಿಂತ ಮೂಲೆ ಎಲ್ಲೂ ಸಿಗುವುದಿಲ್ಲ; ಉಳಿದವರೆಲ್ಲ ಹಾಯಾಗಿ ಕೂತಿರುತ್ತಾರೆ, ಅವರ ಬೆನ್ನ ಹಿಂದೆ ಒಂದು ತೋಳು ಕಾಣುತ್ತಿರುತ್ತದೆ.