ಉಗ್ರಾಣದಲ್ಲಿ ಕಂಡ ಮುಹೂರ್ತ

ನಾನು ಒಂದು ವಿಡಿಯೊ ಕ್ಯಾಮೆರಾ. ಹುಟ್ಟಿದ್ದು ಜಪಾನಿನಲ್ಲಿ, ಬುದ್ಧಿ ಬಂದದ್ದು ಮಾತ್ರ ಚಿತ್ರದುರ್ಗದ ಕಡೆಯ ಕಲ್ಯಾಣ ಮಂಟಪಗಳಲ್ಲಿ. ಬಿಳಿ ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನಗೆ ಗಾಜಿನ ಕಣ್ಣು ಕೂರಿಸಿ, ಒಮ್ಮೆ ಒರೆಸಿ, ಡಬ್ಬಿಗೆ ಹಾಕಿದಳು. ಲೋಕದಲ್ಲಿ ನಾನು ಕಂಡ ಮೊದಲ ಮುಖ ಅವಳದು. ಆಮೇಲೆ ಕಂಡ ಮುಖಗಳಲ್ಲಿ ಅರ್ಧಕ್ಕರ್ಧ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, ತೆಗೆಯಬೇಡಿ ಎಂದು ಕೈ ಅಡ್ಡ ಹಿಡಿದವು.

ಮೊದಲು ನನ್ನನ್ನು ಕೊಂಡವರು ದಾವಣಗೆರೆಯ ಒಬ್ಬ ಸ್ಟುಡಿಯೊ ಯಜಮಾನರು. ನನ್ನನ್ನು ಮುಟ್ಟುವ ಮುಂಚೆ ಕೈ ತೊಳೆಯುತ್ತಿದ್ದರು. ನನಗಿಂತ ದೊಡ್ಡ ಕ್ಯಾಮೆರಾ ಬಂದ ದಿನ ನನ್ನಿಂದಲೇ ಕೈ ತೊಳೆದುಕೊಂಡರು. ಹಾಗೆ ನಾನು ದೇವಗೊಂಡನಪೇಟೆಯ ಓಬಳೇಶನ ಪಾಲಾದೆ.

ಓಬಳೇಶ ಕೈ ತೊಳೆಯುವ ಪೈಕಿಯಲ್ಲ. ಆದರೆ ಕೆಲಸದಲ್ಲಿ ಕೈ ನಡುಗಿಸಿದವನೂ ಅಲ್ಲ. ಮದುವೆಯಿದ್ದ ದಿನ ಮದುವೆ; ಇಲ್ಲದ ದಿನ ಊರಿನ ಕಣ್ಣಿನ ಶಿಬಿರ, ಶಾಲೆಯ ಕಾಂಪೌಂಡು, ಕೆರೆಯ ಹೂಳು, ಹೀಗೆ ಊರವರೇ ಸೇರಿ ಮಾಡುವ ಕೆಲಸಗಳನ್ನೆಲ್ಲ ಹಿಡಿದಿಡುತ್ತಿದ್ದ. ಕೊರಳಿಗೆ ನೇತುಬಿದ್ದ ನನಗೆ ಅವನ ಗದ್ದವೊಂದೇ ಕಾಣುತ್ತಿತ್ತು. ಗದ್ದ ಬಿಗಿಯಿತೆಂದರೆ ಏನೋ ಎಡವಟ್ಟಾಗಿದೆ ಎಂದು ಅರ್ಥ.

ಅವನದೊಂದು ಪದ್ಧತಿಯಿತ್ತು. ಮದುವೆಯ ಸಿ.ಡಿ. ಮಾಡಿಕೊಟ್ಟ ಮೇಲೆ ಆ ಕ್ಯಾಸೆಟ್ಟು ತೊಳೆದಿಟ್ಟ ತಟ್ಟೆಯಂತೆ, ಮುಂದಿನ ಮದುವೆಗೂ ಬಡಿಸಬಹುದು. ಅಳಿಸಬಾರದ ಕ್ಯಾಸೆಟ್ಟಿಗೆ ಮಾತ್ರ ಒಂದು ಕೆಂಪು ರಬ್ಬರ್ ಬ್ಯಾಂಡು ಸುತ್ತಿಡುತ್ತಿದ್ದ. ಎಲ್ಲ ಸರಿ, ಆ ಬ್ಯಾಂಡು ಕ್ಯಾಸೆಟ್ಟಿನ ಮೇಲೆ ಇರಬೇಕಷ್ಟೆ.

ಊರ ನಡುವೆ ಅಕ್ಕನ ಹೊಂಡ ಅಂತ ಮೆಟ್ಟಿಲಿನ ಹಳೆಯ ಕೊಳ. ಎಷ್ಟೋ ವರ್ಷದಿಂದ ಕಸದ ಗುಂಡಿಯಾಗಿತ್ತು. ಅದನ್ನು ಮುಚ್ಚಿ ಅಂಗಡಿ ಸಾಲು ಕಟ್ಟಬೇಕೆಂದು ಪಟ್ಟಣ ಪಂಚಾಯಿತಿ ಹೊರಟಾಗ, ಆ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಇಳಿದೇಬಿಟ್ಟರು. ಮುಂದಾಳು ಮಾರಕ್ಕ. ಗಂಡ ತೀರಿಕೊಂಡು ಎಂಟು ವರ್ಷ, ಇಬ್ಬರು ಹೆಣ್ಣುಮಕ್ಕಳು, ಗಂಟಲು ಮಾತ್ರ ನಾಲ್ಕು ಬೀದಿಗೆ ಕೇಳುವಂಥದು. ವಾರಕ್ಕೊಮ್ಮೆ ಹೂಳು ಎತ್ತುತ್ತ ಎತ್ತುತ್ತ ಹದಿನೇಳನೆಯ ಭಾನುವಾರ ಅವಳು ತಳದ ಕೆಸರಿನಲ್ಲಿ ನಿಂತು ಒಮ್ಮೆಲೇ ಕೂಗಿದಳು.

"ಓಬಳೇಶಾ, ಸೆಲೆ ಕಣೋ! ಕಾಲಡಿಗೆ ತಣ್ಣಗೆ ಕೊರೀತೈತೆ! ತಗಿ, ತಗಿ!"

ಕಲ್ಲಿನ ಸಂದಿಯಿಂದ ನೀರು ಬುಳುಬುಳು ಎದ್ದು ಅವಳ ಕಾಲ್ಬೆರಳನ್ನು ಸುತ್ತಿತು. ಆ ಐದು ನಿಮಿಷ ನನ್ನ ಹೊಟ್ಟೆ ಸೇರಿತು. ಓಬಳೇಶ ಕ್ಯಾಸೆಟ್ಟಿಗೆ ಬ್ಯಾಂಡು ಸುತ್ತಿದ.

ತಿಂಗಳಲ್ಲಿ ಹೊಂಡ ತುಂಬಿತು. ಆಗ ಪಂಚಾಯಿತಿಯ ಎಂಜಿನಿಯರ್ ಬಂದು ಮೂಗು ಮುರಿದರು. "ಇದು ಟ್ಯಾಂಕರಲ್ಲಿ ತಂದು ಸುರಿದಿರೋ ನೀರು. ಸೆಲೆ ಇದ್ರೆ ತೋರಿಸ್ರಿ." ತುಂಬಿದ ಹೊಂಡದ ತಳ ಯಾರಿಗೆ ಕಾಣಬೇಕು? ಸೋಮವಾರ ಹನ್ನೊಂದಕ್ಕೆ ಸಭೆ. ಸಾಕ್ಷಿ ಇದ್ದರೆ ಹೊಂಡ ಉಳಿಯುತ್ತದೆ, ಇಲ್ಲದಿದ್ದರೆ ಮಂಗಳವಾರದಿಂದಲೇ ಮಣ್ಣು. ಸಾಕ್ಷಿಯೆಂದರೆ ಆ ಒಂದು ಕ್ಯಾಸೆಟ್ಟು.

ಅದರ ಹಿಂದಿನ ದಿನ, ಭಾನುವಾರವೇ, ಮಾರಕ್ಕನ ಹಿರಿಮಗಳು ರತ್ನಮಾಲಳ ಮದುವೆ. ಮುಂಜಾನೆ ಚೀಲ ತುಂಬುವಾಗ ನನ್ನ ಬ್ಯಾಟರಿಯ ಕೊಂಡಿ ಮುರಿಯಿತು. ಓಬಳೇಶ ಅತ್ತಿತ್ತ ನೋಡಿದ, ಕೈಗೆ ಸಿಕ್ಕ ಕ್ಯಾಸೆಟ್ಟಿನ ಕೆಂಪು ಬ್ಯಾಂಡು ಕಿತ್ತು ನನ್ನ ನಡುವಿಗೆ ಬಿಗಿದ. ಕ್ಯಾಸೆಟ್ಟನ್ನು ಆಮೇಲೆ ಎತ್ತಿಟ್ಟರಾಯಿತು ಎಂದುಕೊಂಡಿರಬೇಕು. ಅಷ್ಟರಲ್ಲಿ ಮಂಟಪದಿಂದ ಕರೆ ಬಂತು. ಎಲ್ಲವನ್ನೂ ಒಟ್ಟಿಗೆ ಚೀಲಕ್ಕೆ ಸುರಿದುಕೊಂಡು ಓಡಿದ.

ಮುಹೂರ್ತಕ್ಕೆ ಇನ್ನೇನು ಗಳಿಗೆಯಿದೆ ಎನ್ನುವಾಗ ಹೊಸ ಕ್ಯಾಸೆಟ್ಟುಗಳು ಮುಗಿದವು. ಬ್ಯಾಂಡಿಲ್ಲದ್ದೊಂದನ್ನು ತೆಗೆದು ನನ್ನ ಬಾಯಿಗೆ ತುರುಕಿದ. ಅದು ಯಾವುದೆಂದು ನನಗೆ ಕೂಡಲೇ ಗೊತ್ತಾಯಿತು. ಗೊತ್ತಾಗಿ ಏನು ಮಾಡಲಿ? ದೇವರು ನನಗೆ ಕಣ್ಣು ಕೊಟ್ಟ, ನಾಲಗೆ ಕೊಡಲಿಲ್ಲ. ಗಟ್ಟಿಮೇಳ ಮೊಳಗಿತು. ಮಾರಕ್ಕ ಕಂಡ ನೀರಿನ ಮೇಲೆ ಮಾರಕ್ಕನ ಮಗಳ ತಾಳಿಯನ್ನು ನಾನೇ ಬರೆದೆ. ಅಂದು ಪಟ್ಟ ಸಂಕಟವನ್ನು ಶತ್ರುವಿಗೂ ಬಯಸೆ.

ಧಾರೆ ಎರೆದದ್ದು ಮಾರಕ್ಕನ ಮೈದುನ ಚಿದಾನಂದಪ್ಪ ಮತ್ತು ಅವನ ಹೆಂಡತಿ. ಚಿದಾನಂದಪ್ಪ ಪಂಚಾಯಿತಿ ಸದಸ್ಯ. ಕೆಟ್ಟವನಲ್ಲ, ಗಾಳಿ ಬಂದ ಕಡೆ ತೂರಿಕೊಳ್ಳುವವನು. ಹೆತ್ತ ತಾಯಿ ಎಲ್ಲಿ? ಓಬಳೇಶ ಹುಡುಕಿಕೊಂಡು ಹೋದ. ಮಾರಕ್ಕ ಉಗ್ರಾಣದಲ್ಲಿ ಬೆಲ್ಲದ ಮೂಟೆಯ ಪಕ್ಕ ಕೂತಿದ್ದಳು. ವಿಧವೆಯಾದ ಅವಳನ್ನು ಯಾರೂ ಬರಬೇಡ ಅಂದಿರಲಿಲ್ಲ. ಯಾರೂ ಬಾ ಅಂತಲೂ ಅಂದಿರಲಿಲ್ಲ.

"ಆತೇನೋ? ವಾಲಗ ಕೇಳಿಸ್ತು," ಅಂದಳು. ನಾಲ್ಕು ಬೀದಿಯ ಗಂಟಲು ಅಂದು ಬಾಗಿಲು ದಾಟಲಿಲ್ಲ.

ಓಬಳೇಶ ಅವಳ ಪಕ್ಕ ಕೆಳಗೆ ಕೂತ. ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ, ನನ್ನ ಪಕ್ಕದ ಪುಟ್ಟ ಪರದೆ ತೆರೆದು ಅವಳ ಮುಂದೆ ಹಿಡಿದ. ಅಂಗೈಯಗಲದ ಪರದೆಯಲ್ಲಿ ಮಗಳ ಕೊರಳಿಗೆ ತಾಳಿ ಬಿತ್ತು. ಮಾರಕ್ಕ ಸೆರಗಿನಿಂದ ನನ್ನ ಪರದೆ ಒರೆಸಿದಳು. ಮಂಜಾಗಿದ್ದದ್ದು ಅವಳ ಕಣ್ಣು.

"ಇನ್ನೊಂದ್ ಸಲ ತೋರ್ಸಪ್ಪಾ."

ಇನ್ನೊಂದು ಸಲ ತೋರಿಸಿದ. ಅಷ್ಟರಲ್ಲಿ ಚಿದಾನಂದಪ್ಪ ಹೊರಗಿನಿಂದ ಅರಚಿದ, "ವಿಡಿಯೊದವನು ಎಲ್ಲಿ ಹಾಳಾಗಿ ಹೋದ್ನಪ್ಪಾ? ಸಪ್ತಪದಿ ಶುರುವಾತು!" ಓಬಳೇಶ ಎದ್ದು ಓಡುತ್ತಲೇ ಮುಂದಕ್ಕೆ ಸುತ್ತುವ ಗುಂಡಿ ಒತ್ತಿದ. ಅವಸರದಲ್ಲಿ ಬೆರಳು ತುಸು ಹೆಚ್ಚೇ ನಿಂತಿತು. ಕ್ಯಾಸೆಟ್ಟು ಹಾಗೆ ಓಡುವಾಗ ನನಗೂ ಏನೂ ಕಾಣುವುದಿಲ್ಲ. ಆಮೇಲೆ ಕ್ಯಾಸೆಟ್ಟು ಮುಗಿಯುವ ತನಕ ಮದುವೆಯೇ ಮದುವೆ.

ಸೋಮವಾರ ಹತ್ತು ಗಂಟೆಗೆ ಓಬಳೇಶ ತನ್ನ ವಿಡಿಯೊ ಅಂಗಡಿಯ ಕಪಾಟು ತೆಗೆದ. ಇಲ್ಲ. ಚೀಲ ಕೊಡವಿದ. ಇಲ್ಲ. ಕೊನೆಗೆ ಅವನ ಕಣ್ಣು ನನ್ನ ನಡುವಿನ ಕೆಂಪು ಬ್ಯಾಂಡಿನ ಮೇಲೆ ಬಿತ್ತು. ಗದ್ದ ಕಲ್ಲಾಯಿತು. ಬಾಗಿಲಲ್ಲಿ ಮಾರಕ್ಕ ಸಭೆಗೆಂದು ಒಗೆದ ಸೀರೆ ಉಟ್ಟು ನಿಂತಿದ್ದಳು.

"ಅಕ್ಕಾ, ತಪ್ಪಾತು. ಸೆಲೆ ಮ್ಯಾಲೆ ಮದುವೆ ತಗ್ದುಬಿಟ್ಟೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೂ ನನಗೂ ಹಗುರಾಗುತ್ತಿತ್ತು. ಸ್ಟೂಲಿನ ಮೇಲೆ ಕೂತು, "ಹದಿನೇಳು ವಾರ ಕಣೋ," ಅಂದಳು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಓಬಳೇಶ ಸುಮ್ಮನಿರಲಾರದೆ ಮುಹೂರ್ತದ ಕ್ಯಾಸೆಟ್ಟನ್ನು ಮೊದಲಿಂದ ಹಾಕಿದ. ಅಕ್ಷತೆ, ಗಟ್ಟಿಮೇಳ, ತಾಳಿ. ಪರದೆ ಒಮ್ಮೆ ಬೆದರಿತು.

ಕೆಸರು! ಕಲ್ಲಿನ ಸಂದಿ, ಬುಳುಬುಳು ನೀರು, ಮಾರಕ್ಕನ ಕಾಲು, ಅವಳ ಕೂಗು. ನಲವತ್ತು ಸೆಕೆಂಡು. ಮತ್ತೆ ಸಪ್ತಪದಿ. ಬೆರಳು ಹೆಚ್ಚು ಒತ್ತಿದ್ದರಿಂದ ಅಷ್ಟು ಜಾಗ ಅಳಿಯದೆ ಉಳಿದಿತ್ತು. ಓಬಳೇಶ ಅಳುತ್ತ ನಕ್ಕ. ಹಾಗೇ ನನ್ನನ್ನು ಎದೆಗವಚಿಕೊಂಡು ಓಡಿದ. ಬ್ಯಾಂಡು ಹರಿದರೆ ಬ್ಯಾಟರಿ ಬೀಳುತ್ತದೆಂದು ದಾರಿಯುದ್ದಕ್ಕೂ ನಾನು ಉಸಿರು ಹಿಡಿದಿದ್ದೆ.

ಸಭೆಯ ಟಿ.ವಿ.ಗೆ ನನ್ನ ತಂತಿ ಸಿಕ್ಕಿಸಿದರು. ಗಡಿಬಿಡಿಯಲ್ಲಿ ತಾಳಿ ಕಟ್ಟುವ ಕಡೆಯಿಂದಲೇ ಶುರುವಾಯಿತು. ಯಾರೋ ನಕ್ಕರು. ತಾಳಿ ಬಿತ್ತು, ಹಿಂದೆಯೇ ನೀರು ಎದ್ದಿತು. ನಗು ನಿಂತಿತು.

ಎಂಜಿನಿಯರ್ ಬಿಡುವವರಲ್ಲ. "ಮದುವೆ ನಡುವೆ ಈ ತುಂಡು ಎಲ್ಲಿಂದ ಬಂತ್ರೀ? ಬೇಕಂತ ಅಂಟಿಸಿದ್ದು ಇದು!"

ಓಬಳೇಶ ಗುಂಡಿ ಒತ್ತಿ ಕ್ಯಾಸೆಟ್ಟು ನಿಲ್ಲಿಸಿದ. ಹೇಳಿದರೆ ಉಗ್ರಾಣದ ಮಾತು ಊರ ಮುಂದೆ ಬಿಚ್ಚಬೇಕು. ಅವನು ಮಾರಕ್ಕನ ಕಡೆ ನೋಡಿದ. ಅವಳೇ ಎದ್ದಳು.

"ನಾನ್ ಹೇಳ್ತೀನಿ. ಅದು ಹಳೇ ಕ್ಯಾಸೆಟ್ಟು. ನನ್ ಮಗಳ ತಾಳಿ ನೋಡಾಕೆ ನಾನು ಮುಂದಕ್ಕೆ ಬರಂಗಿರಲಿಲ್ಲ. ಉಗ್ರಾಣದಾಗೆ ಕುಂತಿದ್ದೆ. ಇವನು ಹಿಂದಕ್ ಸುತ್ತಿ ನಂಗೆ ತೋರ್ಸಿದ, ವಾಪಸ್ ಸುತ್ತಾಗ ಹೆಚ್ಚುಕಮ್ಮಿ ಆತು. ಅಲ್ಲಿ ಉಳಿದಿರಾದೇ ಈ ನೀರು. ನನ್ ಮಗಳ ಮದುವೆ ನಾನು ಕಣ್ಣಾರೆ ಕಂಡಿದ್ದು ಈ ಡಬ್ಬದಾಗೆ. ಸುಳ್ಳಾಗಿದ್ರೆ ನನ್ ಮೈದುನ ಅಲ್ಲೇ ಕುಂತವ್ನೆ, ಕೇಳ್ರಿ."

ಎಲ್ಲರ ಕಣ್ಣು ಚಿದಾನಂದಪ್ಪನ ಮೇಲೆ. ಅವನು ಎದ್ದು ನಿಂತ. "ನಿಜ," ಅಂದ. ಆಮೇಲೆ ಹೊಂಡ ಉಳಿಯಲಿ ಎಂದು ಮೊದಲು ಎತ್ತಿದ ಕೈ ಅವನದೇ.

ಈಗ ನಾನು ಮುದಿ. ಕಣ್ಣಿಗೆ ಬೂಷ್ಟು ಹಿಡಿದಿದೆ, ಆ ಕ್ಯಾಸೆಟ್ಟು ಹೊಟ್ಟೆಯಲ್ಲೇ ಸಿಕ್ಕಿಕೊಂಡಿದೆ, ಬ್ಯಾಂಡು ಒಣಗಿ ಮೈಗೆ ಅಂಟಿದೆ. ಸಾವಿರ ಮುಹೂರ್ತ ಚೊಕ್ಕಟವಾಗಿ ಹಿಡಿದೆ, ಒಂದೂ ನೆನಪಿಲ್ಲ. ಬೆರಳು ತಪ್ಪಿದ ಆ ನಲವತ್ತು ಸೆಕೆಂಡು ಮಾತ್ರ ಮರೆಯಲಾರೆ. ಓಬಳೇಶನಿಗೆ ಹೊಸ ಕ್ಯಾಮೆರಾ ಬಂದಿದೆ. ಆದರೂ ಅಭ್ಯಾಸಬಲ, ಚೀಲದಲ್ಲಿ ನನ್ನನ್ನೂ ಹೊರುತ್ತಾನೆ.

ಹೋದ ವರ್ಷ ಮಾರಕ್ಕನ ಕಿರಿಮಗಳ ಮದುವೆ. ಚೀಲವನ್ನು ಉಗ್ರಾಣದಲ್ಲಿ ಇಟ್ಟು ಓಬಳೇಶ ಮುಂದಕ್ಕೆ ಹೋದ. ಅವಳು ಬರಬಹುದೆಂದು ನಾನು ಕಾದೆ. ತೋರಿಸಲು ಈ ಮದುವೆಯದು ನನ್ನಲ್ಲಿ ಏನೂ ಇರಲಿಲ್ಲ, ಆದರೂ ಕಾದೆ. ಗಟ್ಟಿಮೇಳಕ್ಕೆ ಸ್ವಲ್ಪ ಮುಂಚೆ ಮಂಟಪದ ಕಡೆಯಿಂದ ಚಿದಾನಂದಪ್ಪನ ದನಿ ಕೇಳಿಸಿತು. "ಅತ್ತಿಗೇ, ಅಲ್ಲಲ್ಲ, ಇಲ್ಲಿ ಬಂದು ನಿಂತ್ಕ." ಆಮೇಲೆ ನಾಲ್ಕು ಬೀದಿಗೆ ಕೇಳುವ ಆ ಗಂಟಲು ಅಕ್ಷತೆ ಎಲ್ಲಿ ಎಂದು ಯಾರನ್ನೋ ಗದರಿಸಿತು. ಉಗ್ರಾಣದಲ್ಲಿ ಬೆಲ್ಲದ ಮೂಟೆ ಇತ್ತು, ಬಾಳೆಲೆಯ ಕಟ್ಟು ಇತ್ತು, ನಾನಿದ್ದೆ. ಬೇರೆ ಯಾರೂ ಇರಲಿಲ್ಲ.