ದಾರಿಯ ಮೇಲಿದ್ದವನು

ಆ ಚಿತ್ರ ನಮ್ಮ ಮನೆಗೆ ಬಂದದ್ದು ಹಾಲಿಗೆ ಬದಲಾಗಿ. ಯುದ್ಧ ಮುಗಿದ ಮೂರನೆಯ ವಸಂತದಲ್ಲಿ ನಗರದ ಚಿತ್ರಕಾರನೊಬ್ಬ ನಮ್ಮಲ್ಲಿ ಮೂರು ವಾರ ತಂಗಿದ್ದ. ಹೊರಡುವಾಗ, ಕುಡಿದ ಹಾಲಿಗೂ ತಿಂದ ಆಲೂಗಡ್ಡೆಗೂ ಪ್ರತಿಯಾಗಿ, ದಪ್ಪ ರಟ್ಟಿನ ಮೇಲೆ ಬರೆದ ನಮ್ಮೂರ ದಾರಿಯನ್ನು ಅಮ್ಮನ ಕೈಗಿಟ್ಟ. ಕರಗುತ್ತಿರುವ ಹಿಮ, ಕೆಸರಿನಲ್ಲಿ ಗಾಡಿ ಎಳೆದ ಎರಡು ಗೆರೆ. ಹಿಂದೆ ಕಾಡಿನಂಚು, ನಡುವೆ ಮರದ ಸೇತುವೆ, ಈಚೆಗೆ ಬಾವಿ, ಮೂಲೆಯಲ್ಲಿ ನಮ್ಮ ಮನೆಯ ಗೇಟು.

ಅಮ್ಮ ಬಹಳ ಹೊತ್ತು ನೋಡಿ, "ದಾರೀಲಿ ಯಾರೂ ಇಲ್ವಲ್ಲಪ್ಪ" ಅಂದಳಂತೆ.

"ನಾನು ಬರೆದ ದಿನ ಯಾರೂ ಬರ್ಲಿಲ್ಲ, ಉಸ್ತೀನ್ಯಕ್ಕ" ಎಂದು ಆತ ನಕ್ಕನಂತೆ.

ನಮ್ಮಪ್ಪ ಯೆರ್ಮೊಲಾಯ್ ಯುದ್ಧಕ್ಕೆ ಹೋದಾಗ ನನಗೆ ಆರು ತಿಂಗಳು, ಅಕ್ಕ ರಾಯಾಗೆ ಆರು ವರ್ಷ. ಮರುವರ್ಷ ಒಂದು ಚೀಟಿ ಬಂತು. ಸತ್ತನೆಂದಲ್ಲ, ಪತ್ತೆಯಿಲ್ಲ ಎಂದು. ಆವತ್ತಿನಿಂದ ಅಮ್ಮ ಗೇಟಿನ ಅಗುಳಿ ಹಾಕಲಿಲ್ಲ, ನಮಗೂ ಹಾಕಗೊಡಲಿಲ್ಲ. ಊರಿನ ಮೇಕೆಗಳು ನಮ್ಮ ಎಲೆಕೋಸು ತಿಂದೇ ದಪ್ಪಗಾದವು.

ಚಿತ್ರಕಾರ ಹೋದ ಮೇಲೆ ಅಮ್ಮ ಒಲೆಯ ಮಸಿಯನ್ನು ಹಾಲಿನಲ್ಲಿ ಕಲಸಿ, ಬೆಂಕಿಕಡ್ಡಿಯ ತುದಿಯಿಂದ ಕಾಡಿನಂಚಿನಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದಳು. ಬಾರ್ಲಿ ಕಾಳಿನಷ್ಟು ಎತ್ತರ, ಬೆನ್ನಿಗೊಂದು ಗಂಟು. ಈಸ್ಟರ್‌ಗೆ ಮುಂಚಿನ ಗುರುವಾರ ನಮ್ಮಲ್ಲಿ ಮನೆಯ ಮೂಲೆಮೂಲೆಯನ್ನೂ ತೊಳೆಯುತ್ತಾರೆ. ಪ್ರತಿವರ್ಷ ಆ ದಿನ, ನೆಲ ಒರೆಸಿದ ಮೇಲೆ, ಹಿಂದಿನ ವರ್ಷದವನನ್ನು ಉಗುರಿನಿಂದ ಕೆರೆದು ಒಂದಿಷ್ಟು ಮುಂದಕ್ಕೆ ಇಡುತ್ತಿದ್ದಳು.

"ಅಮ್ಮ, ಅದ್ಯಾರು?"

"ನಿಮ್ಮಪ್ಪ ಕಣೇ. ಕೆಸರು ಜಾಸ್ತಿ, ನಿಧಾನ ಬರ್ತಿದಾನೆ."

ಅಪ್ಪನೆಂದರೆ ನನಗೆ ಅಷ್ಟೇ ಎತ್ತರ.

ಮೊದಮೊದಲು ಅವನು ವರ್ಷಕ್ಕೆ ಒಂದು ಬೆರಳಗಲ ನಡೆದ. ಸೇತುವೆ ದಾಟಿದ ಮೇಲೆ ಹೆಜ್ಜೆ ಕಿರಿದಾಯಿತು. ಬಾವಿಯ ಹತ್ತಿರ ಬಂದಮೇಲಂತೂ ಒಂದು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ಯಾಕೆಂದು ನಾವು ಕೇಳಲಿಲ್ಲ. ಅವನು ಚಿತ್ರದ ಗೇಟು ಮುಟ್ಟಿದ ದಿನ ಹೊರಗಿನ ಗೇಟು ಕಿರುಗುಟ್ಟದಿದ್ದರೆ ಅಮ್ಮ ಏನು ಮಾಡಬೇಕಿತ್ತು? ಇಪ್ಪತ್ತಮೂರು ವರ್ಷ ಹೀಗೆ ನಡೆಸಿ, ಅವನನ್ನು ಬಾವಿಯ ಪಕ್ಕದಲ್ಲೇ ಬಿಟ್ಟು, ಅವಳು ತೀರಿಕೊಂಡಳು. ಆಮೇಲೆ ನಾವಿಬ್ಬರೂ ಅವನನ್ನು ಅಲುಗಿಸಲಿಲ್ಲ.

ಸಾಯುವ ಮೊದಲು ಅಕ್ಕನ ಕೈ ಹಿಡಿದು ಅಂದಿದ್ದಳು: "ಒಂದೇ ಕಲ್ಲಲ್ಲಿ ನಂದೂ ಅವಂದೂ ಹೆಸರು ಕೆತ್ತಿಸೇ. ಇಲ್ದಿದ್ರೆ ಅವನು ಎಲ್ಲಿ ಮಲಗ್ತಾನೆ?"

ಕಲ್ಲಿಗೆ ನಮ್ಮ ಕೈ ಎಟುಕಲೇ ಇಲ್ಲ. ಅಮ್ಮನ ಗೋರಿಯ ಮೇಲೆ ಒಂದಾದಮೇಲೊಂದು ಎರಡು ಮರದ ಶಿಲುಬೆಗಳು ಕೊಳೆತು ಮೂರನೆಯದೂ ವಾಲಿತ್ತು. ಅವಳು ಹೋಗಿ ಇಪ್ಪತ್ತು ವರ್ಷ ದಾಟಿತ್ತು, ದೇಶವೇ ಮುರಿದುಬಿದ್ದ ಮರುವಸಂತ ಅದು. ಪಿಂಚಣಿಯಲ್ಲಿ ಬ್ರೆಡ್ಡೂ ಸರಿಯಾಗಿ ಬರುತ್ತಿರಲಿಲ್ಲ. ಆಗಲೇ ವೆನಿಯಮಿನ್ ಬಂದ. ಹಳೆಯ ಚಿತ್ರ ಹುಡುಕುತ್ತ ಊರೂರು ತಿರುಗುವ ವ್ಯಾಪಾರಿ. ಬೆಲೆ ಹೇಳಿದ. ರಾಯಾ ಕೇಳಿದ್ದು ಒಂದೇ: "ಅದ್ರಲ್ಲಿ ಒಂದು ಗೋರಿಕಲ್ಲು ಬರತ್ತಾ?"

"ಅಕ್ಷರ ಕೆತ್ತಿಸಿದ್ರೂ ಬರತ್ತೆ ಚಿಕ್ಕಮ್ಮ." ಚಿತ್ರವನ್ನು ಕಿಟಕಿಯ ಬೆಳಕಿಗೆ ವಾಲಿಸಿದ. "ಒಳ್ಳೇ ಕೆಲಸ. ಬಾವಿ ಹತ್ರ ಇದೇನು, ನೊಣದ ಹಿಕ್ಕೆನಾ?"

"ನಮ್ಮಪ್ಪ" ಅಂದೆ.

ತಮಾಷೆಯೆಂದುಕೊಂಡು ನಕ್ಕ. ನಮ್ಮ ಮುಖ ನೋಡಿ ನಿಲ್ಲಿಸಿದ.

"ಇದು ಚಿತ್ರ ಬರೆದವನ ಕೈ ಅಲ್ಲ ಚಿಕ್ಕಮ್ಮ. ಇದಿದ್ರೆ ಯಾರೂ ಕೊಳ್ಳಲ್ಲ. ಇರ್ಲಿ ಬಿಡಿ, ಪಟ್ಟಣದಲ್ಲಿ ನಮ್ಮವರು ಹತ್ತಿ ಅದ್ದಿ ಒರೆಸ್ತಾರೆ. ಶುಕ್ರವಾರ ಬಂದು ತಗೊಂಡ್ಹೋಗ್ತೀನಿ."

ಅವನು ಹೋದ ಮೇಲೆ ರಾಯಾ ಆಲೂಗಡ್ಡೆ ಸುಲಿಯುತ್ತ ಕೂತಳು. ಸಿಪ್ಪೆಯ ಜೊತೆ ಅರ್ಧ ಗೆಡ್ಡೆಯೂ ಹೋಗುತ್ತಿತ್ತು.

"ಯಾರೋ ಒರೆಸಿ ಕಸದ ಬುಟ್ಟಿಗೆ ಎಸೀತಾರೆ" ಅಂದಳು.

"ಹಂಗಾದ್ರೆ ಮಾರೋದೇ ಬೇಡ."

"ನೋಡು ಕಾಪಾ, ಅಮ್ಮಂಗೆ ಮಾತು ಕೊಟ್ಟೋಳು ನಾನು, ನೀನಲ್ಲ."

ಮಾರನೆಯ ದಿನ, ಮನೆ ತೊಳೆಯುವ ಗುರುವಾರ, ಅವಳು ಹೋಗಿ ಫೆದೋಸ್ಯಾಳನ್ನು ಕರೆತಂದಳು. ಸತ್ತವರನ್ನು ಸ್ವಂತದವರು ತೊಳೆಯಬಾರದು. ನಮ್ಮೂರಿನಲ್ಲಿ ಆ ಕೆಲಸ ಅವಳದು. ಎಂಬತ್ತು ದಾಟಿದ್ದರೂ ತಾಮ್ರದ ಬೋಗುಣಿಯನ್ನು ತಾನೇ ಹೊತ್ತು ಬಂದಿದ್ದಳು.

"ಎಲ್ರೇ ಹೆಣ?"

"ಗೋಡೆ ಮೇಲೆ."

ಅವಳು ದಾರ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿದಳು. "ಅಯ್ಯೋ ಯೆರ್ಮೊಲಾಯ್, ಎಷ್ಟು ಸಣ್ಣಗಾಗ್ಬಿಟ್ಟಿದೀಯೋ! ನಿನ್ ಮದ್ವೆ ಕುಣಿತದಲ್ಲಿ ನನ್ ಕಾಲು ತುಳಿದ್ಯಲ್ಲ, ಕತ್ತೆ, ಇನ್ನೂ ನೋಯತ್ತೆ." ತೋಳು ಮಡಿಸಿಕೊಂಡಳು. ಬಿಸಿನೀರಿಗೆ ಕೈ ಹಾಕಿದವಳು ಹಿಂದೆ ತೆಗೆದಳು. "ಊಹೂಂ. ಗಂಡಸನ್ನ ನಾನು ಬೀದೀಲಿ ತೊಳಿಯಲ್ಲ. ಮೊದ್ಲು ಮನೆಗೆ ಕರ್ಕೊಂಬನ್ನಿ."

ರಾಯಾ ಮಸಿ ಕಲಸಿ, ಬೆಂಕಿಕಡ್ಡಿಯನ್ನು ನನ್ನತ್ತ ಚಾಚಿದಳು.

"ನಾನಾ? ನಾನು ಅವನನ್ನ ನೋಡೇ ಇಲ್ಲ. ನೋಡ್ದೋಳು ನೀನು. ನೀಲಿ ಕಣ್ಣು, ಗುಂಗುರು ಕೂದ್ಲು ಅಂತಿದ್ದೆ."

"ನಂಗೆ ನೆನಪಿರೋದು ಬೂಟು ಮಾತ್ರ ಕಣೇ." ಚಾಚಿದ ಕಡ್ಡಿಯನ್ನು ಅವಳು ಹಿಂದೆ ತೆಗೆಯಲಿಲ್ಲ. "ಉಳಿದಿದ್ದೆಲ್ಲಾ ನಿಂಗೋಸ್ಕರ ಕಟ್ಟಿದ್ದು."

"ಎಡಗಡೆ ಭುಜ ಒಂಚೂರು ಇಳಿದಿತ್ತು ಅವಂದು" ಎಂದಳು ಫೆದೋಸ್ಯಾ ಮೆಲ್ಲಗೆ.

ಬಾವಿಯ ಪಕ್ಕದವನನ್ನು ಉಗುರಿನಿಂದ ಕೆರೆದೆ. ಗೇಟಿನೊಳಗೆ, ಹೊಸ್ತಿಲ ಹತ್ತಿರ, ಎಡಭುಜ ಇಳಿಸಿ ಅವನನ್ನು ನಿಲ್ಲಿಸಿದೆ. ಕಡ್ಡಿಗೆ ಮಸಿ ಹೆಚ್ಚಾಗಿ ಇರಬೇಕಾದ್ದಕ್ಕಿಂತ ದೊಡ್ಡವನಾದ. ಅಮ್ಮ ಇಷ್ಟು ವರ್ಷ ಮಾಡದೆ ಉಳಿಸಿಕೊಂಡದ್ದನ್ನು ನಾನು ಒಂದು ಉಸಿರಿನಲ್ಲಿ ಮುಗಿಸಿಬಿಟ್ಟಿದ್ದೆ.

"ಕೂತ್ಕೊಳ್ಳಿ" ಎಂದಳು ಫೆದೋಸ್ಯಾ. "ಬಂದೋನಿಗೆ ಒಂದು ಲೋಟ ಚಹಾ ಕುಡಿಯೋವಷ್ಟಾದ್ರೂ ಪುರುಸೊತ್ತು ಕೊಡಿ."

ರಾಯಾ ನಾಲ್ಕು ಲೋಟ ಇಟ್ಟಳು. ನಾಲ್ಕನೆಯದರ ಆವಿ ನಿಂತ ಮೇಲೆ ಫೆದೋಸ್ಯಾ ಎದ್ದು, ಬಟ್ಟೆಯ ತುದಿ ಅದ್ದಿ, ತಲೆಯಿಂದ ಶುರುಮಾಡಿ ಕಾಲಿನ ತನಕ ಅವನನ್ನು ತೊಳೆದಳು. ಬಾರ್ಲಿ ಕಾಳಿಗಿಂತ ತುಸುವೇ ದೊಡ್ಡವನಿಗೆ ಇಡೀ ದೇಹಕ್ಕೆ ಹಿಡಿಯುವಷ್ಟೇ ಹೊತ್ತು ಹಿಡಿಯಿತು. ನೀರಿಗೆ ಬಣ್ಣವೂ ಬರಲಿಲ್ಲ. ಅದನ್ನು ಯಾರೂ ತುಳಿಯದ ಕಡೆ, ಬರ್ಚ್ ಮರದ ಹಿಂದೆ, ಚೆಲ್ಲಿದಳು. ಬಟ್ಟೆಯನ್ನು ಗೋರಿಕಲ್ಲಿನ ಅಡಿಯಲ್ಲಿ ಇಡಲೆಂದು ರಾಯಾ ಮಡಿಸಿಟ್ಟುಕೊಂಡಳು.

ಶುಕ್ರವಾರ ವೆನಿಯಮಿನ್ ಬಂದ.

"ಅರೆ, ನೀವೇ ಒರೆಸ್ಬಿಟ್ರಾ? ನೀಟಾಗಿದೆ." ತೋಳಿನಳತೆಯಲ್ಲಿ ಹಿಡಿದು ನೋಡಿದ. "ನೋಡಿ ಈಗ ಹೆಂಗಿದೆ, ಒಬ್ಬರೂ ಇಲ್ದಿರೋ ದಾರಿ. ಜನಕ್ಕೆ ಇದೇ ಬೇಕು."

ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದುಕೊಂಡು ಹೊರಟ. ಗೇಟು ಕಿರುಗುಟ್ಟಿತು. ಅವನ ಹಿಂದೆ ತೆರೆದೇ ಉಳಿಯಿತು.

ರಾಯಾ ಶಾಲು ಕೂಡ ಹೊದೆಯದೆ ಅಂಗಳಕ್ಕಿಳಿದಳು. ಗೇಟು ಮುಚ್ಚಿ ಅಗುಳಿ ಎಳೆದಳು. ಐವತ್ತು ವರ್ಷದ ತುಕ್ಕು, ಜಗ್ಗಲಿಲ್ಲ. ಬಗ್ಗಿ ಒಂದು ಕಲ್ಲೆತ್ತಿಕೊಂಡು ಹೊಡೆದಳು. ಮೂರನೆಯ ಏಟಿಗೆ ಅದು ಟಪ್ಪೆಂದು ಕೊಂಡಿಯೊಳಗೆ ಬಿತ್ತು. ನಾನು ಕಿಟಕಿಯಲ್ಲಿ ನಿಂತಿದ್ದೆ. ಅವಳು ಅಗುಳಿಯ ಮೇಲಿನ ಕೈ ತೆಗೆಯಲೂ ಇಲ್ಲ, ತಿರುಗಿ ನೋಡಲೂ ಇಲ್ಲ.